ಟೊಳ್ಳು ಮೂಳೆಯಲ್ಲಿ ಎರಡು ಸ್ಕ್ರೂ: ನನ್ನ 13 ತಿಂಗಳ ಹಲ್ಲಿನ ಕಥೆ

ನಮ್ಮದು ತಿಪಟೂರು. ಕೊಬ್ಬರಿ ಊರು. 2024ರ ಗೌರಿ ಹಬ್ಬದ ಹಿಂದಿನ ದಿನ ಅಡುಗೆಮನೆಯಲ್ಲಿ ನಿಂತು ಒಂದು ಹೋಳು ಕೊಬ್ಬರಿ ಬಾಯಿಗೆ ಹಾಕಿಕೊಂಡೆ. ಟಕ್ ಅಂತು. ಕೊಬ್ಬರಿಯಲ್ಲಿ ಚಿಪ್ಪಿನ ಚೂರು ಇರಬೇಕು ಅಂದುಕೊಂಡು ಉಗಿದರೆ, ಅಂಗೈಯಲ್ಲಿ ಬಿದ್ದದ್ದು ನನ್ನದೇ ಹಲ್ಲು. ಎಡಗಡೆ ಕೆಳಗಿನ ದವಡೆ ಹಲ್ಲು. ಎಷ್ಟೋ ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದು. ಕ್ಯಾಪ್ ಸಮೇತ ಅರ್ಧ ಈಚೆ ಬಂದಿತ್ತು, ಬೇರು ಒಳಗೇ ಉಳಿದಿತ್ತು. ಅದರ ಹಿಂದಿನ ಹಲ್ಲನ್ನು 2016ರಲ್ಲೇ ಕೀಳಿಸಿದ್ದೆ. ಆಗ ತೆಗೆದು ಹಾಕುವ ಸೆಟ್ ಮಾಡಿಸಿದ್ದೆ. ನಾಲಿಗೆಗೆ ಚುಚ್ಚುತ್ತದೆ ಅಂತ ಒಂದೇ ತಿಂಗಳಿಗೆ ಸ್ಟೀಲ್ ಡಬ್ಬಿ ಸೇರಿದ್ದು ಇವತ್ತಿಗೂ ಅಲ್ಲೇ ಇದೆ.

ಈ ಕಥೆಯಲ್ಲಿ ಹಲ್ಲಿಗಿಂತ ಮುಖ್ಯ ಇನ್ನೊಂದಿದೆ. 2022ರ ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಅಷ್ಟು ಸಣ್ಣ ಬೀಳಿಗೆ ಮುರಿಯಬಾರದು ಅಂತ ಮೂಳೆ ಡಾಕ್ಟರು ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಸ್ಕ್ಯಾನ್ ಬರೆದರು. ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 3.1. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಮುಟ್ಟು ನಿಂತು ಹತ್ತು ವರ್ಷ ದಾಟಿದ ಹೆಂಗಸರಲ್ಲಿ ಇದು ಹೊಸದೇನಲ್ಲ ಅಂದರು. ಜೊಲೆಡ್ರೊನಿಕ್ ಆಸಿಡ್ ಅನ್ನುವ ಮದ್ದನ್ನು ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಹಾಕುತ್ತಾರೆ, 5 ಮಿಲಿಗ್ರಾಂ. 2023ರ ಜನವರಿಯಲ್ಲಿ ಒಂದು, 2024ರ ಜನವರಿಯಲ್ಲಿ ಇನ್ನೊಂದು ಹಾಕಿಸಿಕೊಂಡೆ. ಮೊದಲ ಸಲ ಮೂರು ದಿನ ಜ್ವರ, ಮೈಕೈ ನೋವು. ಆಮೇಲೆ ಮರೆತೇ ಹೋಯಿತು. ವರ್ಷಕ್ಕೊಮ್ಮೆ ಬರುವ ಮದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ?

ಅಲ್ಲೇ ಎಡವಟ್ಟು ಶುರುವಾದದ್ದು.

ಊರಿನ ಹಲ್ಲು ಡಾಕ್ಟರ ಹತ್ತಿರ ಹೋದೆ. ಮೂಳೆ ಫೈಲ್ ಕೈಯಲ್ಲೇ ಇತ್ತು. ಸ್ಕೋರ್ ನೋಡಿದವರೇ, "ಇಂಪ್ಲಾಂಟ್ ನಿಮಗೆ ಆಗೋದಿಲ್ಲ. ಟೊಳ್ಳು ಮೂಳೆ ಸ್ಕ್ರೂ ಹಿಡಿಯೋದಿಲ್ಲ. ಸೆಟ್ ಮಾಡಿಸಿಕೊಂಡುಬಿಡಿ" ಅಂದರು. ಇಂಪ್ಲಾಂಟ್ ಅಂದರೆ ಹಲ್ಲಿನ ಬೇರಿನ ಬದಲು ದವಡೆ ಮೂಳೆಗೆ ಕೂರಿಸುವ ಸ್ಕ್ರೂ, ಅದರ ಮೇಲೆ ಕ್ಯಾಪ್ ಬರುತ್ತದೆ. ಅಕ್ಕಪಕ್ಕದ ಹಲ್ಲುಗಳಿಗೆ ಕಟ್ಟುವ ಬ್ರಿಡ್ಜ್ ಕೇಳಿದೆ. ಹಿಂದುಗಡೆ ಆಧಾರಕ್ಕೆ ಹಲ್ಲೇ ಇಲ್ಲವಲ್ಲ, ಎಲ್ಲಿಗೆ ಕಟ್ಟುವುದು ಅಂದರು. ಅದು ಸರಿಯೇ. ಐದು ನಿಮಿಷದಲ್ಲಿ ಆಚೆ ಬಂದೆ.

ಮಗಳು ಬೆಂಗಳೂರಿನಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ಅವಳ ಮನೆ ಹತ್ತಿರದ ಒಂದು ಹೊಳೆಯುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಕಾಫಿ ಕೊಟ್ಟರು. ಫಾರಂ ಕೊಟ್ಟರು. ಬಿಪಿ, ಶುಗರ್, ಹಾರ್ಟ್, ಥೈರಾಯ್ಡ್, ಅಲರ್ಜಿ, ಎಲ್ಲಕ್ಕೂ ಚೌಕ ಇತ್ತು. ಮೂಳೆಗೆ ಇರಲಿಲ್ಲ. ಕೊನೆಯ ಖಾಲಿ ಗೆರೆಯಲ್ಲಿ 'ಮೂಳೆ ಸವೆತ' ಅಂತ ಬರೆದೆ. ಕೌಂಟರಿನ ಹುಡುಗಿ ಓದಿ, "ಮಂಡಿ ನೋವಾ ಆಂಟಿ? ನಮ್ಮಮ್ಮನಿಗೂ ಇದೆ" ಅಂದಳು. ನಮ್ಮ ಕಡೆ ಮಂಡಿ ಸವೆದರೂ ಮೂಳೆ ಸವೆತವೇ, ಮೂಳೆ ಟೊಳ್ಳಾದರೂ ಮೂಳೆ ಸವೆತವೇ. ಎರಡೂ ಬೇರೆ ಬೇರೆ ಕಾಯಿಲೆ. ದಯವಿಟ್ಟು ಆಸ್ಟಿಯೊಪೊರೋಸಿಸ್ ಅನ್ನುವ ಹೆಸರನ್ನೇ ಬರೆಯಿರಿ, ಬಾಯಿ ತೊದಲಿದರೂ ಪರವಾಗಿಲ್ಲ.

ಒಳಗೆ ಡಾಕ್ಟರು ಕೇಳಿದ್ದು, "ಈಗ ಯಾವ ಮಾತ್ರೆ ತಗೋತಿದ್ದೀರಿ?" ಕ್ಯಾಲ್ಸಿಯಂ ಮಾತ್ರ ಅಂದೆ. ಸುಳ್ಳಲ್ಲವಲ್ಲ. ಡ್ರಿಪ್ ಮಾತ್ರೆಯಲ್ಲ! ಇವತ್ತೇ ಬೇರು ಕಿತ್ತು ಇವತ್ತೇ ಎರಡು ಇಂಪ್ಲಾಂಟ್ ಹಾಕಿಬಿಡೋಣ ಅಂದರು. ಒಂದಕ್ಕೆ 42,000 ರೂ., ಹಬ್ಬದ ರಿಯಾಯಿತಿ ಬೇರೆ. ಎಸ್ಟಿಮೇಟ್ ಹಾಳೆಯಲ್ಲಿ ಎಲುಬಿನ ಪುಡಿ, ಅಂದರೆ ದವಡೆ ಮೂಳೆ ಕಮ್ಮಿ ಇರುವ ಕಡೆ ತುಂಬುವ ಪುಡಿ, ಅಂತ ಒಂದು ಬಾಬ್ತು ಇತ್ತು. ಮಗಳು ಇಂಗ್ಲಿಷ್ ಓದಿ ಮೆಲ್ಲಗೆ, "ಅಮ್ಮಾ, ಇದು ದನದ ಮೂಳೆಯಿಂದ ಮಾಡಿದ್ದು" ಅಂದಳು. ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಯೋಚನೆ ಮಾಡಿ ಹೇಳುತ್ತೇವೆ ಅಂತ ಎದ್ದು ಬಂದೆವು.

ಆ ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆ. ಕ್ಯಾಪ್ಸೂಲಿನ ಸಿಪ್ಪೆಯೂ ಸಾಮಾನ್ಯವಾಗಿ ಪ್ರಾಣಿಯ ಜೆಲಟಿನ್‌ನದೇ, ಅದನ್ನು ನುಂಗುತ್ತಿಲ್ಲವೇ ಅನ್ನುವುದು ನನ್ನ ವಾದ. ಹೊಟ್ಟೆಗೆ ಹೋಗುವುದು ಬೇರೆ, ಬಾಯಲ್ಲೇ ಕೂತಿರುವುದು ಬೇರೆ ಅನ್ನುವುದು ಅವರದು. ಬಗೆಹರಿಯಲಿಲ್ಲ. ಕೊನೆಗೆ ನನಗೆ ಆ ಪುಡಿ ಬೇಕಾಗಲೇ ಇಲ್ಲ. ನಿಮಗೆ ಮುಜುಗರ ಇದ್ದರೆ ಮೊದಲೇ ಕೇಳಿ, ಪ್ರಾಣಿಮೂಲವಲ್ಲದ, ಪ್ರಯೋಗಾಲಯದಲ್ಲಿ ಮಾಡಿದ ಪುಡಿಯೂ ಸಿಗುತ್ತದೆ.

ಮೂರನೆಯದು ಬೆಂಗಳೂರಿನ ಒಂದು ಡೆಂಟಲ್ ಕಾಲೇಜು. ಖರ್ಚು ಕಡಿಮೆ ಅಂತ ಹೋದದ್ದು, ನಿಜ ಹೇಳಬೇಕೆಂದರೆ. ಬೆಳಿಗ್ಗೆ ಚೀಟಿ ಮಾಡಿಸಿ ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ಆಮೇಲೆ ಮಗಳಿಗಿಂತ ಚಿಕ್ಕ ವಯಸ್ಸಿನ ಒಬ್ಬ ವಿದ್ಯಾರ್ಥಿನಿ ಕೂರಿಸಿಕೊಂಡು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದಳು. ಇಷ್ಟುದ್ದ ಯಾಕೆ ಅಂತ ಒಳಗೊಳಗೇ ಗೊಣಗಿದೆ. ಆಗ ಕೇಳಿದಳು: "ಅಮ್ಮಾ, ಮೂಳೆ ಗಟ್ಟಿಯಾಗೋಕೆ ಅಂತ ಇಂಜೆಕ್ಷನ್ ಅಥವಾ ಡ್ರಿಪ್ ಏನಾದರೂ ಹಾಕಿಸಿಕೊಂಡಿದ್ದೀರಾ? ವಾರಕ್ಕೊಂದು ಮಾತ್ರೆ, ಬರೀ ಹೊಟ್ಟೆಯಲ್ಲಿ ತಗೊಂಡು ಅರ್ಧ ಗಂಟೆ ಮಲಗಬಾರದು ಅನ್ನೋದು?" ಹೂಂ, ಡ್ರಿಪ್ ಎರಡು ಸಲ ಅಂದೆ. ಅವಳು ಪೆನ್ನು ಕೆಳಗಿಟ್ಟು ಒಳಗೆ ಹೋಗಿ ಸರ್ಜನ್ ಮೇಡಂ ಅವರನ್ನೇ ಕರೆತಂದಳು.

ಮೇಡಂ ಮೊದಲು ಹೇಳಿದ ಮಾತು, ಆಸ್ಟಿಯೊಪೊರೋಸಿಸ್ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಹಾಕಬಾರದು ಅಂತೇನಿಲ್ಲ. ಸೊಂಟದ, ಬೆನ್ನಿನ ಸ್ಕೋರ್ ನೋಡಿ ದವಡೆ ಹೇಗಿದೆ ಅಂತ ಹೇಳಲು ಬರುವುದಿಲ್ಲ. ದವಡೆಯನ್ನು ದವಡೆಯ ಸ್ಕ್ಯಾನ್‌ನಲ್ಲೇ ನೋಡಬೇಕು. ಕೆಳಗಿನ ದವಡೆ ಸಾಮಾನ್ಯವಾಗಿ ಗಟ್ಟಿ, ಮೇಲಿನ ದವಡೆಯ ಹಿಂಭಾಗ ಮೆತ್ತಗೆ. ನನ್ನದು ಕೆಳಗಿನದು, ಅದೃಷ್ಟ. ಮೂಳೆ ಮೆತ್ತಗಿದ್ದರೂ ಕೆಲಸದ ರೀತಿ ಬದಲಾಯಿಸಿ, ಕಾಯುವ ಕಾಲ ಹೆಚ್ಚು ಮಾಡಿ ಹಾಕುತ್ತಾರಂತೆ.

ಯೋಚಿಸಬೇಕಾದದ್ದು ಮದ್ದಿನ ಬಗ್ಗೆ. ಮೂಳೆಯಲ್ಲಿ ಒಡೆಯುವ ಜೀವಕೋಶಗಳೂ ಇವೆ, ಕಟ್ಟುವ ಜೀವಕೋಶಗಳೂ ಇವೆ. ಹಳೇ ಗಾರೆ ಕೆರೆದ ಮೇಲೆ ಹೊಸ ಗಾರೆ ಬಳಿದ ಹಾಗೆ. ಈ ಮದ್ದು ಕೆರೆಯುವವರ ಕೈ ಕಟ್ಟುತ್ತದೆ. ಅದರಿಂದ ಸೊಂಟ, ಬೆನ್ನು ಉಳಿಯುತ್ತದೆ. ಆದರೆ ಹಲ್ಲು ಕಿತ್ತ ಜಾಗದಲ್ಲಿ ಗಾಯ ಮಾಯಲು ಕೆರೆಯುವವರೂ ಬೇಕು. ಅಪರೂಪಕ್ಕೆ ಅಲ್ಲಿ ಒಸಡು ಮುಚ್ಚದೆ ಮೂಳೆ ಹಾಗೇ ಕಾಣುತ್ತಾ ಉಳಿಯುತ್ತದೆ. 8 ವಾರ ದಾಟಿದರೂ ಮುಚ್ಚದಿದ್ದರೆ ಅದಕ್ಕೆ ದವಡೆ ಮೂಳೆ ಸಾಯುವ ಕಾಯಿಲೆಯ ಹೆಸರು ಕೊಡುತ್ತಾರೆ. ಈ ಕಾಯಿಲೆ ವೈದ್ಯರ ಗಮನಕ್ಕೆ ಬಂದದ್ದೇ 2003ರಲ್ಲಂತೆ.

ನಾನು ಖಾಸಗಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿದವಳು. ಅಪರೂಪ ಅಂದರೆ ಎಷ್ಟು ಅಂತ ಕೇಳಿದೆ. ಮೇಡಂ ನಕ್ಕು ಲೆಕ್ಕ ಕೊಟ್ಟರು. ಅಮೆರಿಕದ ಬಾಯಿ ಮತ್ತು ದವಡೆ ಸರ್ಜನ್‌ಗಳ ಸಂಘದ 2022ರ ವರದಿ ಪ್ರಕಾರ, ಆಸ್ಟಿಯೊಪೊರೋಸಿಸ್‌ಗೆ ಈ ಜಾತಿಯ ಮದ್ದು ತೆಗೆದುಕೊಂಡವರಲ್ಲಿ 10,000ಕ್ಕೆ ಎರಡರಿಂದ ಐದು ಜನ. ಹಲ್ಲು ಕೀಳಿಸಿದವರಲ್ಲಿ ಹೆಚ್ಚೆಂದರೆ 10,000ಕ್ಕೆ ಹದಿನೈದು. ಕ್ಯಾನ್ಸರ್ ರೋಗಿಗಳಿಗೆ ಇದೇ ಮದ್ದನ್ನು ಮೂರ್ನಾಲ್ಕು ವಾರಕ್ಕೊಂದು ಸಲ ಹಾಕುತ್ತಾರೆ. ಅವರಲ್ಲಿ ಅಪಾಯ ಜಾಸ್ತಿ. ವಾಟ್ಸಾಪ್‌ನಲ್ಲಿ ಓಡಾಡುವ ಭಯಂಕರ ಫೋಟೋಗಳನ್ನು ನೋಡಿ ಹೆದರುವ ಮೊದಲು ಈ ವ್ಯತ್ಯಾಸ ತಿಳಿದಿರಲಿ.

ಮಗಳು ಎಲ್ಲೋ ಓದಿ ಮೊದಲೇ ಸಿಟಿಎಕ್ಸ್ ಅನ್ನುವ, ಮೂಳೆ ಎಷ್ಟು ವೇಗವಾಗಿ ಕರಗುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಮಾಡಿಸಿದ್ದಳು. 1,900 ರೂ. ಮೇಡಂ ಅದರ ಕಡೆ ಕಣ್ಣು ಹಾಯಿಸಿ ಪಕ್ಕಕ್ಕಿಟ್ಟರು. ಈ ಸಂಖ್ಯೆಯಿಂದ ಯಾರಿಗೆ ತೊಂದರೆ ಆಗುತ್ತದೆ ಅಂತ ಹೇಳಲು ಆಗುವುದಿಲ್ಲ ಅಂದರು. ಡಾಕ್ಟರು ಕೇಳದೆ ಯಾವ ಪರೀಕ್ಷೆಯನ್ನೂ ಮಾಡಿಸಬೇಡಿ. ವಿಟಮಿನ್ ಡಿ ಮಾತ್ರ ಅವರೇ ಬರೆದರು. ನನ್ನದು 14 ಇತ್ತು. ವಾರಕ್ಕೊಂದು 60,000 ಯೂನಿಟ್‌ನ ಸ್ಯಾಶೆ, ಎಂಟು ವಾರ. ಬಿಸಿಲಿಗೇನು ಕಮ್ಮಿ ನಮ್ಮೂರಲ್ಲಿ? ಆದರೂ 14!

ಇನ್ನು ಕಾಗದದ ಕಾಟ. ಮೂಳೆ ಡಾಕ್ಟರಿಂದ ಒಂದು ಪತ್ರ ತನ್ನಿ ಅಂದರು. ತಿಪಟೂರಿಗೆ ವಾಪಸ್. ಮೂಳೆ ಡಾಕ್ಟರು ಚೀಟಿಯ ಮೇಲೆ 'ಹಲ್ಲಿನ ಚಿಕಿತ್ಸೆಗೆ ಫಿಟ್' ಅಂತ ಒಂದು ಸಾಲು ಗೀಚಿ ಸಹಿ ಹಾಕಿದರು. ಅದನ್ನು ಹಿಡಿದು ಮುಂದಿನ ವಾರ ರೈಲು ಹತ್ತಿದೆ. ಕಾಲೇಜಿನಲ್ಲಿ, ಇದರಿಂದ ಏನೂ ತಿಳಿಯುವುದಿಲ್ಲ, ಮದ್ದಿನ ಹೆಸರು, ಡೋಸ್, ಹಾಕಿದ ತಾರೀಖು, ಮುಂದಿನದು ಯಾವಾಗ, ಮುಂದೂಡಬಹುದೇ, ಇಷ್ಟು ಬೇಕು ಅಂದರು. ಮತ್ತೆ ವಾಪಸ್. ಡ್ರಿಪ್ ಹಾಕಿದ ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಹಾಳೆಯಲ್ಲಿ ಬರೀ 'ಐವಿ ಇನ್ಫ್ಯೂಷನ್' ಅಂತಿತ್ತು. ಹಳೇ ಫೈಲ್ ಗೋಡೌನಿನಲ್ಲಿದೆ, ಶನಿವಾರ ಬನ್ನಿ ಅಂದರು. ಶನಿವಾರ ಹೋದರೆ ಬೀಗದ ಕೈ ಇರುವವರು ರಜೆ. ಕೊನೆಗೆ ಮನೆಯ ಬೀರುವಿನಲ್ಲೇ ಸಿಕ್ಕಿತು. ಮೆಡಿಕಲ್ ಶಾಪಿನ ಬಿಲ್ಲಿನ ಹಿಂದೆ ಯಾರೋ ಪುಣ್ಯಾತ್ಮರು ಬಾಟಲಿಯ ಲೇಬಲ್ ಅಂಟಿಸಿದ್ದರು. ಇದರಲ್ಲೇ ಮೂರು ವಾರ ಹೋಯಿತು. ಎರಡನೇ ಸಲ ನಾನೇ ಐದು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಜಾಗ ಬಿಟ್ಟು, ಮೂಳೆ ಡಾಕ್ಟರ ಮುಂದಿಟ್ಟೆ. ಪ್ರಶ್ನೆಪತ್ರಿಕೆ ಮಾಡಿ ಅಭ್ಯಾಸ. ಅವರು ನಗುತ್ತಾ ತುಂಬಿಕೊಟ್ಟರು. ನೀವೂ ಹಾಗೇ ಮಾಡಿ. ಇಬ್ಬರು ಡಾಕ್ಟರು ತಾವಾಗಿ ಫೋನ್ ಮಾಡಿ ಮಾತಾಡಿಕೊಳ್ಳುತ್ತಾರೆ ಅಂತ ಕಾದರೆ ಕಾಯುತ್ತಲೇ ಇರಬೇಕು.

ಅವರ ಉತ್ತರ: 2025ರ ಜನವರಿಯ ಮೂರನೇ ಡ್ರಿಪ್ ಕೆಲವು ತಿಂಗಳು ತಡವಾದರೆ ತೊಂದರೆ ಇಲ್ಲ. ಈ ಮದ್ದು ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅದೇ ಕಾರಣಕ್ಕೆ, ಡ್ರಿಪ್ ನಿಲ್ಲಿಸಿದ ಮಾತ್ರಕ್ಕೆ ಅಪಾಯ ಹೋಗಿಬಿಡುತ್ತದೆ ಅಂತಲೂ ಅಲ್ಲ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಕಾಲೇಜಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ಹೆಂಗಸು ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಹಾಕುವ ಡೆನೊಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಹಲ್ಲು ಕೀಳಿಸಬೇಕು ಅಂತ ತಾವೇ ಅದನ್ನು ಬಿಟ್ಟುಬಿಟ್ಟಿದ್ದರು. ಮೇಡಂ ಬೈದದ್ದು ನನಗೂ ಕೇಳಿಸಿತು. ಆ ಮದ್ದು ನನ್ನದರ ಹಾಗೆ ಮೂಳೆಯಲ್ಲಿ ಉಳಿಯುವುದಿಲ್ಲ. ನಿಲ್ಲಿಸಿದರೆ ಮೂಳೆ ಬೇಗ ಕರಗಿ ಬೆನ್ನುಮೂಳೆ ಮುರಿಯುವ ಅಪಾಯವಿದೆ. ಅದನ್ನು ಬಿಡುವುದಲ್ಲ, ಹಿಂದಿನ ಇಂಜೆಕ್ಷನ್ ಆಗಿ ಮೂರ್ನಾಲ್ಕು ತಿಂಗಳಾದ ಸಮಯ ನೋಡಿ ಹಲ್ಲಿನ ಕೆಲಸ ಮಾಡುವುದು. ಆದ್ದರಿಂದ ನನ್ನ ಕಥೆ ಓದಿ ನಿಮ್ಮ ಮದ್ದನ್ನು ಮುಂದೂಡಬೇಡಿ. ನಿಮ್ಮದು ಯಾವ ಮದ್ದು ಅಂತ ಮೊದಲು ಹೆಸರು ತಿಳಿದುಕೊಳ್ಳಿ.

ಮೇಡಂ ಯೋಜನೆ ಸರಳವಾಗಿತ್ತು. ಮೊದಲು ಬೇರು ಕೀಳುವುದು. ಆ ಗಾಯ ಸರಿಯಾಗಿ ಮಾಯುತ್ತದಾ ನೋಡುವುದು. ಮಾಯ್ದರೆ ಮುಂದೆ ಇಂಪ್ಲಾಂಟ್. "ನಿಮ್ಮ ದವಡೆಯೇ ಉತ್ತರ ಹೇಳುತ್ತೆ, ನಾವು ಆತುರ ಮಾಡೋದು ಬೇಡ" ಅಂದರು.

ನವೆಂಬರ್ 28ಕ್ಕೆ ಕಿತ್ತರು. ಹಿಂದಿನ ದಿನದಿಂದಲೇ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸುವುದು, ಆಂಟಿಬಯೋಟಿಕ್. ಬೇರನ್ನು ಎರಡು ಭಾಗ ಮಾಡಿ, ಮೂಳೆಗೆ ಪೆಟ್ಟಾಗದ ಹಾಗೆ ನಿಧಾನವಾಗಿ ತೆಗೆದು ಹೊಲಿಗೆ ಹಾಕಿದರು. ನೋವು ಅಷ್ಟೇನಿರಲಿಲ್ಲ. ಊಟದ್ದೂ ಕಷ್ಟ ಆಗಲಿಲ್ಲ. ಎರಡು ದಿನ ತಣ್ಣನೆಯ ರಾಗಿ ಅಂಬಲಿ, ಆಮೇಲೆ ಆರಿದ ಮುದ್ದೆ. ಮುದ್ದೆ ಹೇಗಿದ್ದರೂ ನುಂಗುವುದೇ ತಾನೇ.

ಐದನೇ ವಾರ, ವರ್ಷದ ಕೊನೆಯಲ್ಲಿ, ನಾಲಿಗೆಗೆ ಏನೋ ಚೂಪಾಗಿ ತಗುಲಿತು. ಕನ್ನಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಒಸಡಿನ ನಡುವೆ ಬಿಳಿ ಚುಕ್ಕೆ. ಮೂಳೆ. ಕೈಕಾಲು ತಣ್ಣಗಾಯಿತು. 10,000ಕ್ಕೆ ಹದಿನೈದು ಅನ್ನುವ ಲೆಕ್ಕ ಮಕ್ಕಳಿಗೆ ಹೇಳಿಕೊಡುವುದು ಸುಲಭ, ಆ ಹದಿನೈದರಲ್ಲಿ ನಾನೇ ಒಬ್ಬಳು ಅನ್ನಿಸಿದ ರಾತ್ರಿ ಯಾವ ಗಣಿತವೂ ನೆನಪಾಗಲಿಲ್ಲ. ಯಜಮಾನರಿಗೆ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಬೆಳಗಿನ ರೈಲು ಹತ್ತಿ ಒಬ್ಬಳೇ ಹೋದೆ. ಮೇಡಂ ನೋಡಿ, ಕೀವು ಇಲ್ಲ, ಸುತ್ತಲಿನ ಒಸಡು ಗುಲಾಬಿ ಬಣ್ಣಕ್ಕಿದೆ, ಚೆನ್ನಾಗಿದೆ ಅಂದರು. ಚಿಮಟದಲ್ಲಿ ಹಿಡಿದು ಎಳೆದರು. ಅಕ್ಕಿ ನುಚ್ಚಿನಷ್ಟು ಒಂದು ಚೂರು ಬಂತು. ಹಲ್ಲು ಕಿತ್ತ ಮೇಲೆ ಇಂಥ ಸಣ್ಣ ಚೂರು ಮೇಲೆ ಬರುವುದು ಮಾಮೂಲು, ಯಾರಿಗೆ ಬೇಕಾದರೂ ಆಗುತ್ತದಂತೆ. ಆದರೆ ನಿಮ್ಮ ವಿಷಯದಲ್ಲಿ ಕಣ್ಣಿಟ್ಟಿರಬೇಕು, ವಾರವಾರ ಬನ್ನಿ ಅಂದರು. ವಾಪಸ್ ಬರುವಾಗ ತುಮಕೂರು ದಾಟುವ ತನಕ ಸುಮ್ನೆ ಅಳುತ್ತಿದ್ದೆ. ಎದುರಿಗೆ ಕೂತಿದ್ದ ಹುಡುಗ ಶೇಂಗಾ ಪೊಟ್ಟಣ ಮುಂದೆ ಚಾಚಿದ. ಅಗಿಯಲು ಬರುವುದಿಲ್ಲ ಕಂದ ಅಂದೆ.

ಸಂಕ್ರಾಂತಿ ಹೊತ್ತಿಗೆ ಒಸಡು ಪೂರ್ತಿ ಮುಚ್ಚಿತು. ಏಳನೇ ವಾರ. ಎಳ್ಳು ಬೆಲ್ಲದಲ್ಲಿ ಕೊಬ್ಬರಿ ಚೂರು ಆರಿಸಿ ಬಿಟ್ಟು ಬೆಲ್ಲ ಮಾತ್ರ ಚೀಪಿದೆ.

ಮಾರ್ಚ್‌ನಲ್ಲಿ ಸಿಬಿಸಿಟಿ, ಅಂದರೆ ದವಡೆಯನ್ನು ಎಲ್ಲ ಕಡೆಯಿಂದ ತೋರಿಸುವ ಎಕ್ಸ್‌ರೇ ಸ್ಕ್ಯಾನ್. ನಿಂತ ಹಾಗೇ ತಲೆ ಸುತ್ತ ಯಂತ್ರ ತಿರುಗುತ್ತದೆ, ಒಂದು ನಿಮಿಷವೂ ಇಲ್ಲ. 2016ರಲ್ಲಿ ಕೀಳಿಸಿದ ಜಾಗದಲ್ಲಿ ಮೂಳೆಯ ಅಗಲ ಕಮ್ಮಿಯಾಗಿತ್ತು. ಪುಡಿ ತುಂಬಿ ಅಗಲ ಮಾಡುವ ಬದಲು ಅಲ್ಲಿಗೆ 3.5 ಮಿಲಿಮೀಟರಿನ ಸಣ್ಣ ಇಂಪ್ಲಾಂಟ್ ಹಾಕೋಣ, ನಿಮ್ಮಂಥವರಿಗೆ ಎಷ್ಟು ಕಡಿಮೆ ಕುಯ್ದರೆ ಅಷ್ಟು ಒಳ್ಳೆಯದು ಅಂದರು. ದನದ ಮೂಳೆಯ ಚರ್ಚೆ ಹೀಗೆ ಮುಗಿಯಿತು. ವಿಟಮಿನ್ ಡಿ 34ಕ್ಕೆ ಏರಿತ್ತು. ಹೊಸ ಡೆಕ್ಸಾದಲ್ಲಿ ಬೆನ್ನು ಮೈನಸ್ 2.8.

ಏಪ್ರಿಲ್ ಎರಡನೇ ವಾರ ಇಂಪ್ಲಾಂಟ್ ಹಾಕಿದರು. ಮರಗತ್ತಿ ಚುಚ್ಚಿದ ಮೇಲೆ ನೋವಿಲ್ಲ, ತಲೆಬುರುಡೆಯೊಳಗೆ ಡ್ರಿಲ್ಲಿನ ನಡುಕ ಮಾತ್ರ. ಮರಗತ್ತಿ ಅಂದರೆ ಮರಗಟ್ಟಿಸುವ ಇಂಜೆಕ್ಷನ್, ನಮ್ಮ ಮನೆಯವರು ಇಟ್ಟ ಹೆಸರು. ಮಣ್ಣಿನ ಗೋಡೆಗೆ ಮೊಳೆ ಹೊಡೆಯುವಾಗ ದೊಡ್ಡ ತೂತು ಕೊರೆಯುವುದಿಲ್ಲವಲ್ಲ, ಹಾಗೇ ಇಲ್ಲೂ. ತೂತನ್ನು ಮಾಮೂಲಿಗಿಂತ ಕಿರಿದಾಗಿ ಕೊರೆದು, ಸ್ಕ್ರೂ ತಾನೇ ಮೂಳೆಯನ್ನು ಒತ್ತರಿಸಿಕೊಂಡು ಕೂರುವ ಹಾಗೆ ಮಾಡಿದರು. ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದಕ್ಕೂ ಒಂದು ಅಳತೆ ಇದೆ, ಸಂಖ್ಯೆ ಹೆಚ್ಚಿದ್ದಷ್ಟೂ ಬಿಗಿ. ಒಂದು 35ರ ಬಿಗಿಯಲ್ಲಿ ನಿಂತಿತು, ಇನ್ನೊಂದು 25ಕ್ಕೆ. ಈ ಎರಡನೆಯದನ್ನು ನೋಡಿ ಮೇಡಂ, ಮೂರು ತಿಂಗಳಲ್ಲ, ಐದು ತಿಂಗಳು ಕಾಯೋಣ ಅಂದರು. ಎರಡರ ಮೇಲೂ ಒಸಡು ಹೊಲಿದು ಮುಚ್ಚಿದರು. ಟೈಟೇನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಅನ್ನುವುದನ್ನು ಸ್ವೀಡನ್ನಿನ ಬ್ರಾನೆಮಾರ್ಕ್ ಮೊಲದ ಕಾಲಿನಲ್ಲಿ ಗಮನಿಸಿ, 1965ರಲ್ಲಿ ಮೊದಲ ರೋಗಿಗೆ ಹಾಕಿದರಂತೆ. ಐದು ತಿಂಗಳು ಕಾಯುವಾಗ ಇಂಥವೆಲ್ಲ ಓದಲು ಸಮಯ ಸಿಗುತ್ತದೆ.

ಅವತ್ತು ಕೊಟ್ಟ ಕಾರ್ಡನ್ನು ಜೋಪಾನ ಮಾಡಿ. ಕಂಪನಿ, ಅಳತೆ, ಲಾಟ್ ನಂಬರಿನ ಸ್ಟಿಕರ್ ಅದರಲ್ಲಿರುತ್ತದೆ. ಮುಂದೆ ಸ್ಕ್ರೂ ಸಡಿಲವಾದರೆ ಬೇರೆ ಯಾವ ಊರಿನ ಡಾಕ್ಟರಿಗೂ ಅದೇ ಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.

ಒಸಡು ಮಾಯ್ದು ಎರಡು ತಿಂಗಳಾದ ಮೇಲೆ, ಜೂನ್‌ನಲ್ಲಿ, ಮೇಡಂ ಬರೆದುಕೊಟ್ಟ ಪತ್ರ ಹಿಡಿದು ಮೂರನೇ ಡ್ರಿಪ್ ಹಾಕಿಸಿಕೊಂಡೆ. ಮೈ ನೋವಿತ್ತು, ಜ್ವರ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಸಡು ತೆರೆದು ತಟ್ಟಿ ನೋಡಿದರು, ಎಕ್ಸ್‌ರೇ ತೆಗೆದರು. 25ರದ್ದೂ ಗಟ್ಟಿಯಾಗಿ ಕೂತಿತ್ತು. ನಾನು ಅದರ ಮೇಲೆ ಆಸೆ ಬಿಟ್ಟಿದ್ದೆ.

ಖರ್ಚು: ಇಂಪ್ಲಾಂಟ್ ಎರಡಕ್ಕೆ 36,000, ಮೇಲಿನ ಕ್ಯಾಪ್ ಎರಡಕ್ಕೆ 14,000, ಸಿಬಿಸಿಟಿ 1,800, ಡೆಕ್ಸಾ 2,600, ವಿಟಮಿನ್ ಡಿ ಎರಡು ಸಲಕ್ಕೆ 2,200, ದಂಡವಾದ ಸಿಟಿಎಕ್ಸ್ 1,900, ಹಲ್ಲು ಕಿತ್ತದ್ದು, ಎಕ್ಸ್‌ರೇ, ಔಷಧಿ ಸೇರಿ ಸುಮಾರು 2,850. ಒಟ್ಟು 61,350 ರೂ. ಡ್ರಿಪ್, ರೈಲು, ಆಟೋ ಇದರಲ್ಲಿ ಸೇರಿಲ್ಲ. ಬೆಂಗಳೂರಿಗೆ ಹದಿನಾರು ಸಲ ಹೋಗಿ ಬಂದಿದ್ದೇನೆ. ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಅಪಘಾತದಲ್ಲಿ ಹಲ್ಲು ಹೋದರೆ ಮಾತ್ರ ಅಂತ ನನ್ನ ಪಾಲಿಸಿಯಲ್ಲಿದೆ. ಕೊಬ್ಬರಿ ಅಪಘಾತವಲ್ಲವಂತೆ.

ಒಂದು ಹೊಟ್ಟೆಯುರಿ ಉಳಿದಿದೆ. 2023ರಲ್ಲಿ ಮೊದಲ ಡ್ರಿಪ್ ಹಾಕುವ ಮೊದಲು ಒಂದು ಸಲ ಹಲ್ಲು ತೋರಿಸಿಕೊಂಡು ಬನ್ನಿ ಅಂತ ಯಾರಾದರೂ ಹೇಳಿದ್ದರೆ, ಆ ಬಿರುಕು ಬಿಟ್ಟ ಹಲ್ಲು ಆಗಲೇ ಹೊರಗೆ ಬಂದಿರುತ್ತಿತ್ತು. ನಿಮಗೋ, ನಿಮ್ಮ ಅಮ್ಮನಿಗೋ, ಅತ್ತೆಗೋ ಮೂಳೆಗೆ ಡ್ರಿಪ್, ಇಂಜೆಕ್ಷನ್ ಶುರು ಮಾಡುತ್ತಾರೆ ಅಂದರೆ, ಅದಕ್ಕೆ ಮೊದಲು ಹಲ್ಲು ಡಾಕ್ಟರ ಹತ್ತಿರ ಹೋಗಿ ಕೀಳುವುದಿದ್ದರೆ ಕೀಳಿಸಿ, ಹುಳುಕು ತುಂಬಿಸಿ. ಡ್ರಿಪ್ ಈಗಾಗಲೇ ಆಗಿದ್ದರೆ, ಕೇಳಲಿ ಬಿಡಲಿ, ಹಲ್ಲು ಡಾಕ್ಟರಿಗೆ ಮೊದಲ ಮಾತೇ ಅದನ್ನು ಹೇಳಿ. ಎಷ್ಟು ವರ್ಷದ ಹಿಂದಿನದಾದರೂ ಸರಿ.

ಕಳೆದ ವಾರ, ದಸರೆ ಮುಗಿದ ಮೇಲೆ, ಕ್ಯಾಪ್ ಕೂರಿಸಿದರು. ನೀಲಿ ಕಾಗದ ಕಚ್ಚಿಸಿ, ಎಲ್ಲಿ ಎತ್ತರ ಇದೆಯೋ ಅಲ್ಲಿ ಉಜ್ಜಿದರು. ಮನೆಗೆ ಬಂದರೆ ಯಜಮಾನರು ಬೆಳ್ಳಗಿನ ಕೊಬ್ಬರಿ ಗಿಟುಕು ಒಡೆದು ತಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ಜನವರಿಯ ಎಕ್ಸ್‌ರೇ ಆಗುವ ತನಕ ಗಟ್ಟಿ ಪದಾರ್ಥ ಬೇಡ ಅಂದಿದ್ದಾರೆ ಅಂದೆ. ಅವರು ಏನೂ ಮಾತಾಡದೆ ಎದ್ದು ಹೋಗಿ ತುರಿಯುವ ಮಣೆ ತಂದರು.